ಎರಡು ಸಾವಿರದ ಸಾಲು

ಅಪ್ಪನ ಕೈ, ಅದರಡಿ ರೂಪಳ ಕೈ, ಅದರಡಿ ಗಡಗಡನೆ ನಡುಗುವ ಇಂಜಿನ್ನು — ಮಮತ ಕಾಗದದಿಂದ ಕಣ್ಣೆತ್ತಿದ್ದು ಅರೆಗಳಿಗೆ, ನೋಡಬಾರದಿತ್ತು, ನೋಡಿಯಾಯಿತು, ಅಪ್ಪನ ಐದು ಕಪ್ಪು ಬೆರಳು ತಂಗಿಯ ಬೆರಳುಗಳ ಮೇಲೆ ಒತ್ತಿ ಕೂತಿವೆ, ಎಲ್ಲಾದ್ರೂ ತಡವರಿಸ್ತದಾ ಮಗ ಎಂದು ಕೇಳುತ್ತಾನೆ, ಇಲ್ಲ ಕಣಪ್ಪಾ ಎನ್ನುತ್ತಾಳೆ ರೂಪ, ಕಣ್ಣು ಮುಚ್ಚಿಕೊಂಡು, ದೇವರ ಮುಂದೆ ನಿಂತವಳ ಹಾಗೆ, ಪಿಯುಸಿಯನ್ನು ಮೂರು ಸಲ ಬರೆದವಳು, ಅಪ್ಪನಿಗೆ ಅವಳು ಮಗ, ತಾನು ಯಾವಾಗಲೂ ಅಮ್ಮ, ಲೆಕ್ಕ ಹಾಕಮ್ಮ ಎಂದು ಈ ಕಾಗದವನ್ನು ಚಾಚಿದ್ದ, ಅಂಚು ಹಿಡಿದು, ತನ್ನ ಬೆರಳಿಗೆ ಮಸಿ ತಾಗದ ಹಾಗೆ, ತಾಗಿದ್ದರೆ ಏನಾಗುತ್ತಿತ್ತು. ಕೆಂಪರಾಜು ತಂದ ಕಾಗದ, ಹೊಸಕೋಟೆಯಲ್ಲಿ ಅವನ ಕಾರಿನ ಮುಂದಿನ ಗಾಲಿಗಳನ್ನು ಉರುಳೆಯ ಮೇಲೆ ಓಡಿಸಿ ಶಕ್ತಿ ಅಳೆದು ಬರೆದುಕೊಟ್ಟದ್ದು, ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಐವತ್ತಾರು ಹಾರ್ಸ್‌ಪವರ್, ನಾಲ್ಕು ಸಾವಿರಕ್ಕೆ ಎಂಬತ್ತೆಂಟು, ಎಳೆತ, ಅಂದರೆ ಟಾರ್ಕು, ಎಷ್ಟೆಂದು ಇಲ್ಲ. ರೇಷ್ಮೆಗೂಡು ತುಂಬ್ಕೊಂಡು ವಿಜಯಪುರಕ್ಕೆ ಹೋಗ್ವಾಗ ಉಬ್ಬಲ್ಲಿ ಉಸ್ಸಪ್ಪಾ ಅಂತದೆ ಬೈಲಪ್ಪಣ್ಣ, ಇಂಜಿನ್ ಬಿಚ್ಬೇಕು ಅಂದ್ರೆ ಬಿಚ್ಚಾಕು, ಎಂದು ಅಪ್ಪನಿಗೆ ಹೇಳಿದವನು ಗ್ಯಾರೇಜಿನ ಬೆಂಚಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾನೆ. ಏಳು ವರ್ಷದವಳಿದ್ದಾಗ ತನ್ನ ಕೈಯನ್ನೂ ಅಪ್ಪ ಹೀಗೇ ಇಟ್ಟಿದ್ದ, ಬಿಸಿಗೆ ಹೆದರಿ ಕಿತ್ತುಕೊಂಡು ಅತ್ತಳು, ನೀನು ಓದ್ಕೋ ಹೋಗಮ್ಮ ಎಂದ, ಓದಿದಳು, ಬಿಎಸ್ಸಿ ಆಯಿತು, ಮತ್ತೆ ಕರೆಯಲೇ ಇಲ್ಲ, ಡೈರಿಯಲ್ಲಿ ಎಷ್ಟು ಸಲ ಬರೆದಿದ್ದಾಳೆ ಇದನ್ನು — ಹಾರ್ಸ್‌ಪವರನ್ನು ಏಳು ಸಾವಿರದ ನೂರ ಇಪ್ಪತ್ತೇಳರಿಂದ ಗುಣಿಸು, ಸುತ್ತಿನಿಂದ ಭಾಗಿಸು, ಎರಡು ಸಾವಿರದ ಸಾಲಿಗೆ ಇನ್ನೂರು, ಹೊಸ ಕಾರಿಗೆ ಕಂಪನಿ ಹೇಳುವುದೂ ಇನ್ನೂರೇ, ಡೀಸೆಲ್ಲು ಜೋರಾಗಿ ಎಳೆಯುವುದೇ ಆ ಸುತ್ತಿನಲ್ಲಿ, ಇಂಜಿನ್ನು ಗುಂಡುಕಲ್ಲಿನ ಹಾಗಿದೆ — ಅಷ್ಟರಲ್ಲಿ ರೂಪ ಕಣ್ಣು ಬಿಟ್ಟಳು, ಇಂಜಿನ್ನಲ್ಲಿ ಏನೂ ಇಲ್ಲ ಕಣಪ್ಪಾ, ಕಾರು ಒಳಗೆ ಬರ್ವಾಗ್ಲೇ ಹಿಂದಿನ ಗಾಲಿ ಕೀರ್ ಅಂತಿತ್ತು, ಬ್ರೇಕ್ ಹಿಡ್ಕೊಂಡೈತೆ ನೋಡು, ಎಷ್ಟು ಸಲೀಸಾಗಿ, ಗುಣಿಸದೆ, ಭಾಗಿಸದೆ, ಅಪ್ಪ ನಕ್ಕ, ಕೈ ಇನ್ನೂ ಕೈಯ ಮೇಲೆಯೇ, ನಿನ್ನ ಲೆಕ್ಕ ಏನಂತದಮ್ಮ ಎಂದು ಇತ್ತ ತಿರುಗಿದ. ಇನ್ನೂರು ಎಂದರೆ ಮುಗಿಯಿತು, ರೂಪಳ ಮಾತಿಗೆ ತಾನು ಸಾಕ್ಷಿ, ಬರೀ ಸಾಕ್ಷಿ, ಪೆನ್ನು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು, ನಾಲ್ಕು ಸಾವಿರ, ಎಂಬತ್ತೆಂಟು, ಅದೂ ಲೆಕ್ಕವೇ ಅಲ್ಲವೇ, ಅಷ್ಟು ಸುತ್ತಿನಲ್ಲಿ ಯಾವ ಇಂಜಿನ್ನಿಗಾದರೂ ಎಳೆತ ಇಳಿದೇ ಇರುತ್ತದೆ, ಅದನ್ನು ಹೇಳಲಿಲ್ಲ — ನೂರ ಐವತ್ತೇಳಪ್ಪ, ಎಂದಳು, ಇನ್ನೂರು ಇರ್ಬೇಕಿತ್ತು. ಇಂಜಿನ್ನು ನಿಂತಿತು. ಕೈಗೆ ಸಿಗದೆ ಇದ್ದಿದ್ದು ಲೆಕ್ಕಕ್ಕೆ ಸಿಕ್ತು ನೋಡು ಕೆಂಪರಾಜು, ಓದಿರೋಳು ಹೇಳ್ತಾವ್ಳೆ, ಬಿಚ್ಚೋದೇ, ಎಂದು ಅಪ್ಪ ರೂಪಳ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ, ಸ್ಪ್ಯಾನರ್ ತೆಗೆದುಕೊಂಡ, ಬಾ ಮಗ ಇಲ್ಲಿ ಎಂದ, ಮಗ ಎಂದ, ತನ್ನನ್ನು, ಹದಿನೈದು ವರ್ಷ ಕಾದ ಮಾತು, ಮೊದಲ ಬೋಲ್ಟು ಕಿರ್ರೆಂದಿತು, ಹೇಳಬೇಕು, ಈಗಲೇ, ಸಾಲು ತಪ್ಪಿ ನೋಡ್ಬಿಟ್ಟೆ ಅಪ್ಪ ಎಂದರೆ ಆಯಿತು, ಎರಡನೆಯ ಬೋಲ್ಟು, ರೂಪ ಜಗಳಕ್ಕೆ ಬರಲಿ, ಸುಳ್ಳು ಹೇಳ್ತೀಯ ಅಕ್ಕ ಅನ್ನಲಿ, ಅನ್ನುತ್ತಿಲ್ಲ, ಗೋಡೆಗೊರಗಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಾಳೆ, ಬಾ ಮಗ ಎಂದು ಅಪ್ಪ ಮತ್ತೆ ಕರೆಯುತ್ತಾನೆ, ಹೋಗಬೇಕು, ಕೈ ಒರೆಸುವ ವೇಸ್ಟ್ ಬಟ್ಟೆ ಅಲ್ಲೇ ಬಿದ್ದಿದೆ, ರೂಪ ಒರೆಸಿಕೊಳ್ಳುತ್ತಿಲ್ಲ, ಯಾಕೆ ಒರೆಸಿಕೊಳ್ಳುತ್ತಿಲ್ಲ ಅವಳು, ಆ ಕೈಯ ಮೇಲೆ ಮಸಿಯಲ್ಲಿ ಮೂಡಿದ ಅಪ್ಪನ ಐದು ಬೆರಳು, ಐದು ಕಪ್ಪು ಬೆರಳು —