ನಾತದ ಖೋಲಿ

ನಾನು ಗಾಜಿನಿಂದಾದ ಒಂದು ಸಾಧನ. ಒಂದರ ಮೇಲೊಂದು ಕೂತ ಮೂರು ಬುರುಡೆಗಳೇ ನನ್ನ ಮೈ. ಪುಸ್ತಕದಲ್ಲಿ ನನಗೆ ಕಿಪ್ ಉಪಕರಣ ಎಂದು ಹೆಸರು. ದೂರದ ಅಂಬಾಲಾದಲ್ಲಿ, ಉರಿಯುವ ಕುಲುಮೆಯ ಮುಂದೆ ಕೂತು, ಒಬ್ಬ ಮುದುಕ ತನ್ನ ಉಸಿರು ಊದಿ ನನ್ನನ್ನು ಉಬ್ಬಿಸಿದ. ನಾನು ಪೂರ್ತಿ ತಣ್ಣಗಾಗುವ ಮೊದಲೇ ಅವನು ಇನ್ನೊಂದನ್ನು ಊದುತ್ತಿದ್ದ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ ಗದಗಿನ ಒಂದು ಕಾಲೇಜಿಗೆ ಬಂದೆ.

ಪೆಟ್ಟಿಗೆ ಬಿಚ್ಚಿದವರು ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್ ದಾವಲಸಾಬರು. ಹುಲ್ಲು ಸರಿಸಿ, ಎರಡೂ ಕೈಯಲ್ಲಿ ನನ್ನನ್ನು ಎತ್ತಿ ಬೆಳಕಿಗೆ ಹಿಡಿದು, "ಎಷ್ಟ ಚಂದ ಅದಿಯಲ್ಲ ನೀ!" ಅಂದರು. ಅಷ್ಟು ಒಲವಿನ ಮಾತು ನಾನು ಮತ್ತೆ ಯಾರ ಬಾಯಿಂದಲೂ ಕೇಳಲಿಲ್ಲ.

ನನ್ನ ಕೆಲಸ ಅನಿಲ ತಯಾರಿಸುವುದು. ನಡುವಿನ ಬುರುಡೆಯಲ್ಲಿ ಕಬ್ಬಿಣದ ಸಲ್ಫೈಡಿನ ಕಪ್ಪು ತುಂಡುಗಳು, ಮೇಲಿನ ಬುರುಡೆಯಿಂದ ಸುರಿದ ಆಸಿಡ್. ನಲ್ಲಿ ತಿರುಗಿಸಿದರೆ ಆಸಿಡ್ ಕೆಳಗಿನಿಂದ ಮೇಲೇರಿ ತುಂಡುಗಳನ್ನು ಮುಟ್ಟುತ್ತದೆ, ಬುಳುಬುಳು ಅನಿಲ ಏಳುತ್ತದೆ. ನಲ್ಲಿ ಮುಚ್ಚಿದರೆ ಆ ಅನಿಲವೇ ಆಸಿಡನ್ನು ಕೆಳಕ್ಕೆ ದಬ್ಬುತ್ತದೆ, ಕ್ರಿಯೆ ನಿಂತುಬಿಡುತ್ತದೆ. ಬೇಕೆಂದಾಗ ಕೊಡುವುದು, ಸಾಕೆಂದಾಗ ಸುಮ್ಮನಾಗುವುದು ನನ್ನ ಹುಟ್ಟುಗುಣ. ಆದರೆ ಆ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಅದಕ್ಕೇ ನನ್ನನ್ನು ಲ್ಯಾಬಿನ ಹಿಂದಿನ, ಒಂದೇ ಕಿಟಕಿಯ ಕೋಣೆಯಲ್ಲಿಟ್ಟರು. ಹುಡುಗರು ಅದಕ್ಕೆ 'ನಾತದ ಖೋಲಿ' ಎಂದು ಹೆಸರಿಟ್ಟರು.

ಅವರು ಪ್ರನಾಳಗಳಲ್ಲಿ ದ್ರಾವಣ ತುಂಬಿಕೊಂಡು ಬರುತ್ತಿದ್ದರು. ನನ್ನ ಅನಿಲ ಹಾಯ್ದರೆ ಮೈಲುತುತ್ತದ ನೀಲಿ ನೀರು ಕಪ್ಪಾಗುತ್ತಿತ್ತು, ಇನ್ನೊಂದು ದ್ರಾವಣ ಅರಿಸಿನ ಕಲಸಿದಂತಾಗುತ್ತಿತ್ತು. ಬಣ್ಣ ನೋಡಿ ಹಿಗ್ಗಿ, ಮೂಗು ಹಿಡಿದು ಓಡುತ್ತಿದ್ದರು.

ಉಳಿಯುತ್ತಿದ್ದವರು ದಾವಲಸಾಬರೊಬ್ಬರೇ. ನಾತ ಅವರ ಅಂಗಿಗೆ, ಕೂದಲಿಗೆ ಹತ್ತಿತು. ಬೇವಿನ ಮರದ ಕೆಳಗೆ ಕಾಲೇಜಿನ ಉಳಿದ ಜವಾನರು ಚಹಾ ಕುಡಿಯುವಲ್ಲಿ ಇವರು ಹೋದರೆ ಮಾತು ನಿಲ್ಲುತ್ತಿತ್ತು. ಯಾರಾದರೂ ಒಬ್ಬರು ಕರವಸ್ತ್ರ ತೆಗೆಯುತ್ತಿದ್ದರು. ಅಲ್ಲಿಗೆ ಹೋಗುವುದನ್ನೇ ಬಿಟ್ಟು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ರೊಟ್ಟಿ ತಿನ್ನತೊಡಗಿದರು. "ಬಸ್ಸಿನ್ಯಾಗ ನನ್ನ ಬಾಜೂ ಸೀಟ್ ಯಾವಾಗ್ಲೂ ಖಾಲಿ ನೋಡಪಾ," ಎಂದು ನನಗೆ ಹೇಳಿ ತಾವೇ ನಗುತ್ತಿದ್ದರು. ಮೂಗು ಮುರಿಯದವಳು ಅವರ ಹೆಂಡತಿ ಮೈಬೂಬಿ ಒಬ್ಬಳೇ. ಅವಳೂ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಆಮೇಲೆ ಅವರು ನನ್ನ ಜೊತೆ ಆಡುವ ಮಾತೂ ಕಡಿಮೆಯಾಯಿತು.

ನಾನು ಬಂದ ಹದಿನೇಳನೆಯ ವರ್ಷ ಪ್ರಭಾವತಿ ಮೇಡಂ ಹೊಸ ಲೆಕ್ಚರರ್ ಆಗಿ ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ಇಲ್ಲಿ ಗಾಳಿ ಎಳಿಯೂ ಫ್ಯಾನ್ ಇಲ್ಲೇನ್ರಿ?"

"ಬರ್ತೈತಿ ಅಂದಾರ್ರಿ. ನಾ ಬಂದಾಗಿಂದ ಅನ್ನಾಕತ್ತಾರ."

ಮೇಡಂ ಮೇಲಿನವರಿಗೆ ಮೂರು ಸಲ ಅರ್ಜಿ ಬರೆದರು. ಫ್ಯಾನ್ ಬರುವ ಮೊದಲೇ ಪ್ರಾಯೋಗಿಕ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ನಾತ ತಡೆಯಲಾರದೆ ಕೋಣೆಯ ಬಾಗಿಲು ಕಿಟಕಿ ಎರಡನ್ನೂ ಮುಚ್ಚಿಸಿದರು. ನನ್ನನ್ನು ನೋಡಿಕೊಳ್ಳಲು ದಾವಲಸಾಬರು ಒಳಗೇ ಉಳಿದರು. ಅವತ್ತು ನನ್ನ ನಡುವಿನ ರಬ್ಬರ್ ಬಿರಡೆ ಬಿರುಕು ಬಿಟ್ಟಿತ್ತು. ನಲ್ಲಿ ಮುಚ್ಚಿದರೂ ಅನಿಲ ಸೋರಿ ಹೋಗುತ್ತಿತ್ತು, ಆಸಿಡನ್ನು ದಬ್ಬುವ ಬಲ ನನ್ನೊಳಗೆ ಸೇರಲೇ ಇಲ್ಲ. ಕ್ರಿಯೆ ನಡೆದೇ ಇತ್ತು. ನಿಲ್ಲಿಸಲು ನನ್ನಿಂದಾಗಲಿಲ್ಲ.

ಯಾವುದೋ ಬಾಟಲಿಗೆಂದು ಬಾಗಿಲು ತೆಗೆದ ಮೇಡಂ ಹಿಂದಕ್ಕೆ ಸರಿದರು. "ಏನ್ ವಾಸನಿರಿ ಇದು, ದಾವಲಸಾಬ್!"

"ಇಲ್ಲಲ್ರಿ ಮೇಡಂ. ಆಗ ಇತ್ತು. ಈಗ ಏನೂ ವಾಸನಿನ ಇಲ್ಲ."

ಮೇಡಂ ಮುಖ ಬಿಳಿಚಿತು. ಈ ಅನಿಲ ಹೆಚ್ಚಾದರೆ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು ಎಂಬುದು ಅವರಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ದಾವಲಸಾಬರ ರಟ್ಟೆ ಹಿಡಿದು ಎಳೆದರು. ಹೊಸ್ತಿಲು ದಾಟುವಷ್ಟರಲ್ಲಿ ಅವರು ಕುಸಿದು ಬಿದ್ದರು.

ಆಸ್ಪತ್ರೆಯಿಂದ ಹನ್ನೆರಡನೆಯ ದಿನ ತಿರುಗಿ ಬಂದರು. ಜೀವ ಉಳಿದಿತ್ತು, ಮೂಗು ಉಳಿದಿರಲಿಲ್ಲ. ಅವತ್ತು ಮಧ್ಯಾಹ್ನ ನನ್ನ ಪಕ್ಕದಲ್ಲಿ ಕೂತು ಜೇಬಿನಿಂದ ಪುಟ್ಟ ಅತ್ತರಿನ ಶೀಶೆ ತೆಗೆದರು. ಮೂಸಿದರು. ಅಂಗೈಗೆ ತಿಕ್ಕಿ ಮತ್ತೆ ಮೂಸಿದರು. "ಮೈಬೂಬಿ ಹಚ್ಕೋತಿದ್ಲು," ಅಂದರು. ಶೀಶೆಯ ಬಾಯಿ ಮುಚ್ಚಿ ಜೇಬಿಗೆ ಇಳಿಸಿದರು.

ಮೇಡಂ ಆ ಅನಿಲವನ್ನು ಲ್ಯಾಬಿನಿಂದ ತೆಗೆಸಿದರು. ನನ್ನನ್ನು ತಾವೇ ತೊಳೆದು, ಹೊಸ ಬಿರಡೆ ಹಾಕಿ, ಸತುವಿನ ಚೂರು ತುಂಬಿ, ಮೊದಲ ಸಲ ಎಲ್ಲರ ಮುಂದೆ ದೊಡ್ಡ ಮೇಜಿನ ಮೇಲಿಟ್ಟರು. ದಾವಲಸಾಬರು ನಲ್ಲಿ ತಿರುಗಿಸಿದರು. ನಳಿಕೆಯ ತುದಿಯನ್ನು ಸೋಪಿನ ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಒಂದೊಂದಾಗಿ ಬಿಡಿಸಿಕೊಂಡು ಸೂರಿನತ್ತ ಏರಿದವು.

"ಇದು ಹೈಡ್ರೋಜನ್. ಗಾಳಿಗಿಂತ ಹಗುರ. ಬಣ್ಣ ಇಲ್ಲ, ವಾಸನಿ ಇಲ್ಲ," ಅಂದರು ಮೇಡಂ.

"ಯಾರಿಗೂ ಬರೂದಿಲ್ಲೇನ್ರಿ ವಾಸನಿ?" ದಾವಲಸಾಬರು ಕೇಳಿದರು.

"ಯಾರಿಗೂ ಬರೂದಿಲ್ಲ."

"ಹಂಗಾರ ಇದ್ರಾಗ ನಾನೂ ನಿಮ್ಮಂಗ ಅದೀನಿ."

ಹುಡುಗರು ನಕ್ಕರು. ಮೇಡಂ ನಗಲಿಲ್ಲ.

ನಾಲ್ಕು ವರ್ಷಕ್ಕೆ ದಾವಲಸಾಬರು ನಿವೃತ್ತರಾದರು. ಮೇಡಂಗೆ ವರ್ಗವಾಯಿತು. ಪಠ್ಯ ಬದಲಾಗಿ ನನ್ನ ಅಗತ್ಯ ಮುಗಿಯಿತು. ಈಗ ಹಳೇ ಕಪಾಟಿನ ಮೇಲೆ, ಮುರಿದ ತಕ್ಕಡಿಯ ಪಕ್ಕದಲ್ಲಿದ್ದೇನೆ. ಸತುವಿನ ಒಂದೆರಡು ಚೂರು ಇನ್ನೂ ನನ್ನೊಳಗಿವೆ. ಆಸಿಡ್ ಮುಟ್ಟದೆ ಅವು ಬರೀ ಚೂರುಗಳು.

ಹೋದ ತಿಂಗಳು ವರಾಂಡದಲ್ಲಿ ಇಬ್ಬರು ಮಾತಾಡಿಕೊಂಡು ಹೋದರು. "ನಾತದ ದಾವಲಸಾಬ ತೀರಕೊಂಡ್ನಂತ," ಅಂದ ಒಬ್ಬ. "ಯಾರಂವ?" ಅಂದ ಇನ್ನೊಬ್ಬ.

ಆ ನಾತ ಅವರದಲ್ಲ, ನನ್ನದು. ಕೂಗಿ ಹೇಳೋಣವೆಂದರೆ ನಲ್ಲಿ ತಿರುಗಿಸುವವರಿಲ್ಲ.