ಮುಂದಿನ ಎರಡು ಹೆಗಲು

ವಾಸಪ್ಪ ತನ್ನ ಸಂಘದ ಬಾವುಟವನ್ನು ಹೆಣದ ಮೇಲೆ ಹೊದಿಸಲು ಬಗ್ಗಿದ್ದೇ ತಡ, ಸತ್ತವರ ಹೆಂಡತಿ ವರದಮ್ಮ ಅದರ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬ್ಯಾಡ ವಾಸಪ್ಪ. ತೆಗಿ."

"ಎಂತಕ್ಕೆ ವರದಮ್ಮ? ಮುಕುಂದಯ್ಯೋರು ನಮ್ಮೂರಿನ ದೊಡ್ಡ ಮನುಷ್ಯ. ನಮ್ಮೋರೇ ಹೊರ್ತಾರೆ. ಬಸ್‌ಸ್ಟ್ಯಾಂಡ್ ಮೇಲೆ ಮೆರವಣಿಗೆ ಹೋಗದು ಅಂತ ತೀರ್ಮಾನ ಆಗಿದೆ."

ತೀರ್ಮಾನ ಮಾಡಿದ್ದು ಯಾರೆಂದು ಯಾರೂ ಕೇಳಲಿಲ್ಲ. ಅಂಗಳದಲ್ಲಿ ಸಂಘದ ನಲವತ್ತು ಜನ ನಿಂತಿದ್ದರು. ಮುಕುಂದಯ್ಯ ಬದುಕಿದ್ದಾಗ ಇವರಲ್ಲಿ ಒಬ್ಬನಾದರೂ ಅವರ ಮಾತು ಕೇಳಿದ್ದುಂಟೆ? ಸತ್ತ ಮೇಲೆ ನೋಡಿ, ಎಲ್ಲರಿಗೂ ಬೇಕಾದವರಾಗಿಬಿಟ್ಟರು.

ಸ್ಮಶಾನಕ್ಕೆ ಇದ್ದದ್ದು ಬಸ್‌ಸ್ಟ್ಯಾಂಡಿನ ದಾರಿ ಒಂದೇ. ಅಲ್ಲೇ ಪೈಲಿಯ ಚಹಾದಂಗಡಿ. ಹದಿನೈದು ವರ್ಷದ ಹಿಂದೆ ಕೇರಳದಿಂದ ಹೊಸನಗರಕ್ಕೆ ಬಂದು, ಮರಗೆಣಸು ಬೆಳೆದು, ಆಮೇಲೆ ಅಂಗಡಿ ಹಾಕಿದವನು ಅವನು. 'ಹೊರಗಿನೋರು ಹೊರಗೆ' ಎಂದು ಕೂಗುತ್ತ ಸಂಘದವರು ಹೋದ ತಿಂಗಳಷ್ಟೇ ಅದರ ಹೆಂಚು ಒಡೆದಿದ್ದರು. ಇವತ್ತು ಹೆಂಚಿಗೆ ನಿಲ್ಲುವುದಿಲ್ಲ ಎಂಬುದು ವರದಮ್ಮನಿಗೆ ಗೊತ್ತಿತ್ತು. ಅಂಗಡಿಯ ಒಳಗೇ ಪೈಲಿಯ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ವಾಸ. ಆ ಗುಂಪಿನ ಮುಂದೆ ತನ್ನ ಗಂಡನ ಹೆಣ ಹೋಗಬೇಕೆ? ಅವರು ಬಾವುಟದ ತುದಿ ಬಿಡಲಿಲ್ಲ.

ಗಂಡನ ಅಣ್ಣ ಕೆರಿಯಪ್ಪ ಅವರನ್ನು ಪಕ್ಕಕ್ಕೆ ಕರೆದರು. "ಸುಮ್ನಿರು ವರದಾ. ಬಟ್ಟೆ ತಾನೆ, ಹಾಕ್ಲಿ ಬಿಡು. ಇಲ್ದಿದ್ರೆ ಪೊಲೀಸ್ರಿಗೆ ಹೇಳಿ ಇವ್ರನ್ನ ಓಡ್ಸದು. ಎರಡ್ರಲ್ಲಿ ಒಂದು ಮಾಡು."

"ಅವ್ರು ಎರಡ್ನೂ ಮಾಡ್ತಿರ್ಲಿಲ್ಲ ಭಾವ."

*

ಹಾಗೆ ನೋಡಿದರೆ, ಓಡಿಸುವುದನ್ನು ಮುಕುಂದಯ್ಯ ಒಮ್ಮೆ ಮಾಡಿದ್ದರು. ಎಂಟು ವರ್ಷದ ಹಿಂದೆ, 1981ರಲ್ಲಿ.

ಬಸ್ ಕಂಪನಿಯೊಂದರ ಏಜೆಂಟಾಗಿದ್ದರು ಅವರು. ಭಾನುವಾರ ಬುಕಿಂಗ್ ಆಫೀಸಿನ ಹಿಂದಿನ ಕೋಣೆಯಲ್ಲಿ ಅವರದೊಂದು ಚರ್ಚಾಕೂಟ ಸೇರುತ್ತಿತ್ತು. ವಕೀಲರು, ಮೇಷ್ಟ್ರುಗಳು ಬರುತ್ತಿದ್ದರು. ವಿಶ್ವಶಾಂತಿ, ಪ್ರಜಾಪ್ರಭುತ್ವ, ಎಲ್ಲ ದೊಡ್ಡ ದೊಡ್ಡ ಮಾತು. ಒಬ್ಬೊಬ್ಬರಿಗೆ ಐದು ನಿಮಿಷ. ಮಾತು ವಿಷಯ ಬಿಟ್ಟು ಹೋದರೆ ಮುಕುಂದಯ್ಯ ಮೇಜಿನ ಮೇಲಿನ ಗಂಟೆ ಬಾರಿಸುತ್ತಿದ್ದರು. ಆವತ್ತಿನ ವಿಷಯ ಜಾತ್ಯತೀತತೆ. ಆಗ ಬಸ್ಸಿನ ಕ್ಲೀನರ್ ಆಗಿದ್ದ ವಾಸಪ್ಪ ಬಾಗಿಲ ಹತ್ತಿರ ಎದ್ದು ನಿಂತ.

"ನಮ್ಮಪ್ಪ ಇಪ್ಪತ್ತು ವರ್ಷದಿಂದ ಮಾಡ್ತಿರೋ ಜಮೀನಿಗೆ ಹಕ್ಕುಪತ್ರ ಸಿಕ್ಕಿಲ್ಲ. ಮೊನ್ನೆ ಬಂದೋರು ತೋಟ ಮಾಡ್ಕಂಡ್ರು. ಅದ್ಕೆ ಎಂತ ಹೇಳ್ತೀರಿ?"

ಯಾರೋ ಕಿಸಕ್ಕೆಂದರು. ಮುಕುಂದಯ್ಯ ಗಂಟೆ ಬಾರಿಸಿದರು. "ವಿಷಯಕ್ಕೆ ಬಾ ಮಾರಾಯ." ಇಡೀ ಕೋಣೆ ನಕ್ಕಿತು. ವಾಸಪ್ಪ ಮತ್ತೆ ಅಲ್ಲಿ ಕಾಲಿಡಲಿಲ್ಲ. ಎರಡೇ ವರ್ಷದಲ್ಲಿ ಅವನ ಭಾಷಣ ಕೇಳಲು ಸಂತೆಮಾಳ ತುಂಬತೊಡಗಿತು.

ಕೂಟದವರು ಅವನೊಡನೆ ಮಾತೇ ಬಿಟ್ಟರು, ಮಹಾ ಶೂರರು! ಮುಕುಂದಯ್ಯ ಮಾತ್ರ ಅವನ ಮನೆಗೆ ಹೋಗಿ ಕೂತು, ಅವನಪ್ಪನ ಅರ್ಜಿ ಬರೆದುಕೊಟ್ಟರು. ಅಲ್ಲಿಂದೆದ್ದು ನೇರವಾಗಿ ಪೈಲಿಯ ಅಂಗಡಿಗೆ ಹೋಗಿ, ಸಂಘ ಬಹಿಷ್ಕಾರ ಹಾಕಿದ್ದ ಚಹಾ ಕುಡಿದರು. "ನಿಮ್ಮ ಜಮೀನು ಪೈಲಿ ತಿಂದಿಲ್ಲ ಕಣೋ" ಎಂದು ಸಿಕ್ಕಾಗಲೆಲ್ಲ ವಾಸಪ್ಪನಿಗೆ ಹೇಳಿದರು. ಅವನು ಕೇಳಲಿಲ್ಲ. ಮನೆಗೆ ಬಂದು ಹೆಂಡತಿಯ ಹತ್ತಿರ ಅನ್ನುತ್ತಿದ್ದರು: "ಆವತ್ತು ನಾನು ಗಂಟೆ ಬಾರಿಸ್ಬಾರ್ದಿತ್ತು ಕಣೆ."

*

ಪೈಲಿ ಬೇಲಿಯಾಚೆ ರಸ್ತೆಯಲ್ಲಿ ನಿಂತಿದ್ದ. ಒಳಗೆ ಬರಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

"ವಾಸಪ್ಪ, ಮುಂದಿನ ಒಂದು ಹೆಗಲು ನೀನು ಕೊಡು" ಎಂದರು ವರದಮ್ಮ. "ಬಾವುಟ ಇಲ್ದೆ. ಇನ್ನೊಂದು ಹೆಗಲು ಪೈಲಿದು."

ಕೆರಿಯಪ್ಪ ಹೌಹಾರಿದರು. "ತಲೆ ಕೆಟ್ಟಿದ್ಯಾ ನಿಂಗೆ? ಜಾತಿ ಅಲ್ದೋನು ಹೆಣ ಮುಟ್ಟದಾ?"

"ನನ್ ಗಂಡನ ಹೆಣ ಭಾವ. ಪಾಪ ಬಂದ್ರೆ ನಂಗೇ ಬರ್ಲಿ."

ವಾಸಪ್ಪನ ಮುಖ ಕೆಂಪೇರಿತು. "ಅವನ ಜೊತೆ ನಾನಾ? ಆಗದಿಲ್ಲ."

"ಆಗದಿದ್ರೆ ಮನೆಗೆ ಹೋಗು, ಬೈಯದಿಲ್ಲ. ನಿನ್ನ ಮಾತಿಗೆ ಆವತ್ತು ಗಂಟೆ ಬಾರ್ಸಿದ್ದು ತಪ್ಪು ಅಂತ ಅವ್ರು ಕೊರಗ್ತಿದ್ರು. ಆ ತಪ್ಪಿಗೆ ಪೈಲಿ ಮಕ್ಕಳು ಎಂತಕ್ಕೆ ಹೆದ್ರಿ ಸಾಯ್ಬೇಕು?"

"ಕೊರಗ್ತಿದ್ರಾ?" ಅವನ ದನಿ ತಗ್ಗಿತು.

"ಹೂಂ. ದಿನಾ."

ಹಿಂದಿನಿಂದ ಯಾರೋ 'ಹೊರಗಿನೋರು' ಎಂದು ಕೂಗು ಎತ್ತಿದ. "ಬಾಯ್ಮುಚ್ಚೋ!" ಎಂದು ವಾಸಪ್ಪ ಗದರಿದ. ಯಾರ ಮೇಲಿನ ಸಿಟ್ಟೋ ಅವನಿಗೇ ತಿಳಿದಿರಲಿಕ್ಕಿಲ್ಲ. ಬಾವುಟವನ್ನು ಮುದ್ದೆ ಮಾಡಿ ಜಗಲಿಯ ಮೇಲೆ ಎಸೆದ.

"ನಾನು ಬೇಡ ಅಮ್ಮಾ, ಗಲಾಟೆ ಆಗ್ತದೆ" ಎಂದ ಪೈಲಿ.

"ಬಾ ಅಂದೆ."

ಅವನು ಬೇಲಿ ದಾಟಿ ಬಂದು ಬಿದಿರಿಗೆ ಹೆಗಲು ಕೊಟ್ಟ. ಹಿಂದಿನ ಎರಡು ಹೆಗಲು ನೆಂಟರದು. ಎತ್ತಿದರು. ಪೈಲಿ ವಾಸಪ್ಪನಿಗಿಂತ ಗೇಣುದ್ದ ಕುಳ್ಳ. ಚಟ್ಟ ಅವನ ಕಡೆಗೆ ವಾಲಿತು, ಮುಕುಂದಯ್ಯನ ತಲೆ ಪಕ್ಕಕ್ಕೆ ಜಾರಿತು. ಹೆಂಗಸರು ಅಯ್ಯೋ ಎಂದರು. ವಾಸಪ್ಪ ಹಲ್ಲು ಕಚ್ಚಿ ಮಂಡಿ ಬಗ್ಗಿಸಿದ. ಚಟ್ಟ ನೆಟ್ಟಗಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತರು. ಚಹಾದಂಗಡಿಯ ಬಾಗಿಲು ಮುಚ್ಚಿತ್ತು. ಸಂದಿಯಲ್ಲಿ ಎರಡು ಜೊತೆ ಕಣ್ಣು. ಸಂಘದ ನಲವತ್ತು ಜನ ಚಟ್ಟದ ಹಿಂದೆಯೇ ಹೆಜ್ಜೆ ಹಾಕಿದರು. ಬೆವರು ಸುರಿಸುತ್ತ, ಅರ್ಧ ಬಗ್ಗಿದ ಮಂಡಿಯಲ್ಲೇ, ಪಕ್ಕದವನ ಎತ್ತರಕ್ಕೆ ಸರಿಯಾಗಿ ಹೆಜ್ಜೆ ಇಡುತ್ತ ವಾಸಪ್ಪ ಆ ಬಾಗಿಲನ್ನು ದಾಟಿದ.