ಹೆಸರು ಕೂಗದ ಫೈನಲ್

ನನ್ನ ಬಾಯಿಗೆ ಬೀಗ ಹಾಕುವವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು, ಬೆನಕಪ್ಪ. ಉಳವಿ ಶಾಲೆಯ ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಹಾಯಾರ್ಥ ವಾಲಿಬಾಲ್ ಪಂದ್ಯಾವಳಿಗೆ ಹನ್ನೊಂದು ವರ್ಷದಿಂದ ಮೈಕು ಹಿಡಿದವನೂ ನಾನೇ. ಅದನ್ನು ಹುಟ್ಟುಹಾಕಿದ್ದು ಮಾತ್ರ ನನ್ನ ಗೆಳೆಯ ಉಜ್ಜಪ್ಪ. ಪ್ರತಿ ಸಲ ಒಬ್ಬ ಬಡ ರೋಗಿಗೆ ನೆರವು. ಫೈನಲ್‌ಗೆ ಮೊದಲು ಆ ರೋಗಿಯ ಹೆಸರು, ಊರು, ಕಾಯಿಲೆ ಮೂರನ್ನೂ ಮೈಕಿನಲ್ಲಿ ಕೂಗಲೇಬೇಕು ಎಂಬುದು ಅವನದೇ ಕಟ್ಟಳೆ. ಮುಚ್ಚುಮರೆ ಅವನಿಗೆ ಆಗುತ್ತಿರಲಿಲ್ಲ.

ಈ ಸಲದ ರೋಗಿ ಉಜ್ಜಪ್ಪನೇ. ಅದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ ದಿನವೇ ಅವನ ಹೆಂಡತಿ ತಾಯಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

"ಬೆನಕಣ್ಣಾ, ಅವ್ರಿಗೆ ಹೊಟ್ಟೆ ಹುಣ್ಣು ಅಂತ ಹೇಳಿದೀನಿ. ಗೊತ್ತಾದ್ರೆ ಅವತ್ತೇ ಊಟ ಬಿಡ್ತಾರೆ. ನಿಮ್ ಬಾಯಿ ಸ್ವಲ್ಪ ಬಿಗಿ ಹಿಡೀರಿ."

ಹಿಡಿದೆ. ಆಡಲು ಬರುವ ತಂಡಗಳಿಗೆಲ್ಲ ಫೋನು ಮಾಡಿ, ಉಜ್ಜಪ್ಪನೆದುರು ಬಾಯಿ ಬಿಡಬೇಡಿ ಎಂದು ಎಚ್ಚರಿಸಿದೆ. ಉಜ್ಜಪ್ಪನಿಗೆ, ಈ ಸಲ ಕ್ಯಾಸನೂರು ಕಡೆಯ ಯಾರೋ ಒಬ್ಬನಿಗೆ ಸಹಾಯ ಎಂದು ಸುಳ್ಳು ಬಿಟ್ಟೆ. ಪುಣ್ಯಾತ್ಮ, ನಂಬಿ, ಆ ಯಾರೋ ಒಬ್ಬನ ಮನೆಗೆಂದು ಎರಡು ಮೂಟೆ ಅಕ್ಕಿ ತಂದಿಳಿಸಿದ.

ಭಾನುವಾರ ಸಂಜೆ ಶಿಕಾರಿಪುರದ ತಂಡವೂ ಕುಬಟೂರಿನ ತಂಡವೂ ಫೈನಲ್‌ಗೆ ಅಂಕಣಕ್ಕಿಳಿದವು. "ಬೇಗ ಟಾಸ್ ಹಾಕ್ರಪ್ಪಾ, ಕತ್ತಲಾಗ್ತದೆ" ಎಂದು ಅವಸರ ಮಾಡಿದೆ. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಉಜ್ಜಪ್ಪ ಕೈ ಎತ್ತಿದ.

"ಏಯ್ ಬೆನಕ, ಹೆಸ್ರೇ ಕೂಗ್ಲಿಲ್ವಲ್ಲೋ!"

"ಆಮೇಲೆ ಹೇಳಿದ್ರಾಯ್ತು ಬಿಡು ಮಾರಾಯ."

"ಎಂತ ಆಮೇಲೆ? ಜನ ನಮ್ಮನ್ನ ಕಳ್ಳರು ಅಂತಾರೆ. ಹೇಳು, ಯಾರವ?"

ಒಂದು ಸುಳ್ಳು ಹೆಸರು, ಅಷ್ಟೇ ಬೇಕಿದ್ದದ್ದು. ಇಷ್ಟು ವರ್ಷ ಬಾಯಿಗೆ ಬಂದದ್ದೆಲ್ಲ ಒದರಿದ ಈ ದರಿದ್ರ ನಾಲಿಗೆಗೆ ಒಂದೇ ಒಂದು ಹೆಸರು ಹೊಳೆಯಲಿಲ್ಲ. ಶಿಕಾರಿಪುರದ ಕ್ಯಾಪ್ಟನ್ ತೀರ್ಥೇಶ್ ತಲೆ ತಗ್ಗಿಸಿದ. ಅವನ ಹಿಂದಿದ್ದವರೂ ತಗ್ಗಿಸಿದರು. ಉಜ್ಜಪ್ಪ ಕೂತಲ್ಲಿಂದಲೇ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದ. ಕೊನೆಗೆ, ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೊತ್ತಿಕೊಂಡಿದ್ದ ತಾಯಮ್ಮನನ್ನು ನೋಡಿದ.

ಕುರ್ಚಿಯ ತೋಳಿಗೆ ಕೈ ಊರಿ ಎದ್ದ. ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ. ಅಯ್ಯೋ, ಕೊಟ್ಟುಬಿಟ್ಟೆ! ಕಿತ್ತುಕೊಳ್ಳಬಹುದಿತ್ತು, ವೈರು ಎಳೆಯಬಹುದಿತ್ತು. ಹಾಳಾದವನು ಸುಮ್ಮನೆ ನಿಂತೆ.

"ಈ ಸಲದ ಸಹಾಯ ಉಜ್ಜಪ್ಪ ಅನ್ನೋರಿಗೆ" ಎಂದ. "ಊರು ಉಳವಿ. ಕಾಯಿಲೆ..."

ಅಲ್ಲಿಗೆ ನಿಂತ. ಮೈಕನ್ನು ಬಾಯಿಂದ ಸರಿಸುವುದನ್ನೂ ಮರೆತು ಹೆಂಡತಿಯ ಕಡೆ ತಿರುಗಿದ.

"ಏನೇ ಅದು, ತಾಯಮ್ಮಾ? ನಂಗೆ ಏನಾಗಿದೆ?" ಎಂದು ಇಡೀ ಮೈದಾನಕ್ಕೆ ಕೇಳಿಸುವಂತೆ ಕೇಳಿದ.